ಪಡುವಣ ಬದಿಯ ಬೇರು

ದೆಹಲಿಗೆ ಹೋಗಿಬಂದವರು ಕೆಂಪುಕೋಟೆಯ ಬಗ್ಗೆ, ಕುತುಬ್ ಮಿನಾರಿನ ಬಗ್ಗೆ ಬರೆಯುತ್ತಾರೆ. ನಾನು ಎರಡನ್ನೂ ನೋಡಲಿಲ್ಲ. ಎರಡು ತಿಂಗಳು ಅಲ್ಲಿದ್ದು ನಾನು ಕಣ್ತುಂಬ ನೋಡಿದ್ದು ಒಂದು ಬೇವಿನ ಮರವನ್ನು. ಅದು ಈಗ ಇಲ್ಲ. ಯಾಕಿಲ್ಲ ಎನ್ನುವುದು ನಾಲ್ಕೈದು ಜನಕ್ಕೆ ಗೊತ್ತು. ಅವರಲ್ಲಿ ಬಾಯಿಬಿಡಬೇಕಾದವನು ನಾನೇ.

ನಾನು ಓದಿದ್ದು ಮೆಟ್ರಿಕ್. ನಮ್ಮ ಕಡೆಯ ಒಂದು ಊರಿನ ಕಚೇರಿಯಲ್ಲಿ ನೌಕರಿ ಮಾಡಿ ನಿವೃತ್ತನಾದೆ. ಕೊನೆಯ ಇಪ್ಪತ್ತು ವರ್ಷ ನನ್ನದು ಮರದ ಕೆಲಸ. ಹೊಸ ಬಡಾವಣೆಗೆ ಜಮೀನು ಸಮ ಮಾಡುವಾಗ ಮರ ಅಡ್ಡ ಬಂದರೆ ಮಾಲೀಕ ಅರ್ಜಿ ಕೊಡಬೇಕು. ಕಚೇರಿಯಿಂದ ಒಬ್ಬ ಹೋಗಿ ಮರ ನೋಡಿ, ಸುತ್ತಳತೆ ಹಿಡಿದು ವರದಿ ಬರೆಯಬೇಕು. ಆಮೇಲೆ ಅಪ್ಪಣೆ. ಆ ಒಬ್ಬ ನಾನು. ನನ್ನ ವರದಿಯಲ್ಲಿ ಯಾವಾಗಲೂ ಮೂರು ಮಾತು ಇರುತ್ತಿದ್ದವು: ಕಾಂಡ ಟೊಳ್ಳು, ಒಂದು ಬದಿಗೆ ವಾಲಿದೆ, ಜನರ ಪ್ರಾಣಕ್ಕೆ ಅಪಾಯ. ಕಲ್ಲಿನಂಥ ಹುಣಸೆಮರಗಳು ನನ್ನ ಕೈಬರಹದಲ್ಲಿ ಟೊಳ್ಳಾದವು. ಲಂಚ ಮುಟ್ಟಲಿಲ್ಲ. ಅದನ್ನೇ ದೊಡ್ಡ ಪುಣ್ಯವೆಂದು ತಿಳಿದಿದ್ದೆ. "ವೀರಣ್ಣನ ವರದಿ ಇದ್ದರೆ ಫೈಲು ವಾಪಸ್ ಬರೋದಿಲ್ಲ" ಎಂದು ಮೇಲಿನವರು ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ಇಪ್ಪತ್ತು ವರ್ಷ ಮರ ಉರುಳಿಸಿದೆ.

ಹುಬ್ಬಳ್ಳಿಯಿಂದ ನಿಜಾಮುದ್ದೀನ್

ದೆಹಲಿಗೆ ಪಾಸ್‌ಪೋರ್ಟ್ ಬೇಕಿಲ್ಲ. ಆದರೆ ಅರವತ್ತೆಂಟು ವರ್ಷ ಸೊಲ್ಲಾಪುರದ ಆಚೆ ಕಾಲಿಡದ ನನ್ನಂಥವನಿಗೆ ಅದು ಪರದೇಶವೇ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಮಗಳು ಶೈಲಾ ದ್ವಾರಕಾದಲ್ಲಿದ್ದಾಳೆ. ಅಳಿಯ ಗುರುರಾಜ್ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸೆಕ್ಷನ್ ಆಫೀಸರ್. "ಬೇಸಿಗೆ ಅಂತ ನೋಡಬೇಡಿ ಅಪ್ಪಾ, ಕೂಲರ್ ಇದೆ, ಬನ್ನಿ" ಎಂದಳು. ಹೊರಟೆ.

ನನಗೆ ಒಂದು ಧೈರ್ಯವಿತ್ತು, ಹಿಂದಿ. ಮೆಟ್ರಿಕ್ಕಿನಲ್ಲಿ ಹಿಂದಿಯಲ್ಲಿ ಕ್ಲಾಸಿಗೇ ಹೆಚ್ಚು ಅಂಕ ನನ್ನದು. ದಾರಿಯುದ್ದಕ್ಕೂ ಸ್ಟೇಶನ್ನಿನ ಬೋರ್ಡುಗಳನ್ನು ಓದುತ್ತ ಹೋದೆ. ಭೋಪಾಲಿನಲ್ಲಿ ಒಬ್ಬ ದಪ್ಪ ವ್ಯಾಪಾರಿ ಹತ್ತಿ ಜಾಗ ಹುಡುಕುತ್ತಿದ್ದ. ನಾನು ಸರಿದು ಕೂತು, ಪಾಠಪುಸ್ತಕದ ಹಿಂದಿಯಲ್ಲಿ, "ಕೃಪಯಾ ಆಸನ್ ಗ್ರಹಣ್ ಕೀಜಿಯೇ" ಎಂದೆ. ಇಡೀ ಬೋಗಿ ನಕ್ಕಿತು. ವ್ಯಾಪಾರಿ ಕೈಮುಗಿದು, "ಪಂಡಿತ್‌ಜೀ, ಯಾವ ನಾಟಕ ಕಂಪನಿಯವರು ತಾವು?" ಎಂದು ಕೇಳಿದ. ಝಾನ್ಸಿಯವರೆಗೆ ಅವನು ನನ್ನನ್ನು ಮಹಾರಾಜ್ ಎಂದೇ ಕರೆದ. ಅವಮಾನವಾದರೂ ಒಳಗೊಳಗೇ ಹಿಗ್ಗಿದೆ, ನನ್ನ ಹಿಂದಿ ಎಲ್ಲರಿಗೂ ತಿಳಿಯಿತಲ್ಲ ಎಂದು. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನನಗೆ ಹಿಂದಿ ಓದಲು ಬರುತ್ತದೆ, ಬರೆಯಲೂ ಬರುತ್ತದೆ.

ದ್ವಾರಕಾದ ಗೇಟು

ದ್ವಾರಕಾದಲ್ಲಿ ಮನೆಗಳಿಲ್ಲ, ಸೊಸೈಟಿಗಳಿವೆ. ಒಂದೊಂದಕ್ಕೂ ಕಾಂಪೌಂಡು, ಕಬ್ಬಿಣದ ಗೇಟು, ಗೇಟಿಗೊಬ್ಬ ಗಾರ್ಡ್. ನಮ್ಮ ಊರಲ್ಲಿ ಹೊಸ ಮುಖ ಕಂಡರೆ "ಯಾರ ಪೈಕಿ?" ಎನ್ನುತ್ತಾರೆ. ಇಲ್ಲಿ ಗಾರ್ಡ್ ಕೇಳುವುದು "ಯಾವ ಫ್ಲ್ಯಾಟು?" ಎಂದು. ವಂಶದ ಜಾಗದಲ್ಲಿ ನಂಬರು. ನನಗೆ ಆ ನಂಬರು ನಾಲಿಗೆಗೆ ಹತ್ತಲಿಲ್ಲ. ಎರಡನೇ ದಿನ ವಾಕಿಂಗ್ ಮುಗಿಸಿ ಬಂದಾಗ ಮುನ್ನೂರ ಹನ್ನೆರಡು ಎನ್ನುವ ಬದಲು ಇನ್ನೂರ ಹದಿಮೂರು ಎಂದೆ. ಆ ಮನೆಯ ಪಂಜಾಬಿ ಹೆಂಗಸು ಇಂಟರ್‌ಕಾಮಿನಲ್ಲಿ, "ನಮ್ಮಲ್ಲಿ ಯಾವ ಮುದುಕನೂ ಇಲ್ಲ" ಎಂದಳು. ಮಗಳು ಬಂದು ಬಿಡಿಸಿಕೊಂಡು ಹೋಗುವ ತನಕ ಗೇಟಿನಲ್ಲೇ ಕಾದೆ.

ಆ ದಿನ ನನಗೆ ಕೂರಲು ಸ್ಟೂಲು ಕೊಟ್ಟವಳು ಫೂಲವತಿ.

ಗೇಟಿನ ಒಳಗೆ, ಬಲಕ್ಕೆ, ಒಂದು ಹಳೆಯ ಬೇವಿನ ಮರ. ಸೊಸೈಟಿ ಕಟ್ಟುವ ಮೊದಲು ಅಲ್ಲಿ ಹೊಲವಿತ್ತಂತೆ. ಆ ಹೊಲದ ಬದುವಿನ ಮರ. ಇಬ್ಬರು ಕೈಹಿಡಿದರೂ ತಬ್ಬಲಾಗದ ಕಾಂಡ. ಅದರ ಮೂಡಣ ಬದಿಗೆ ಫೂಲವತಿಯ ಕಟ್ಟಿಗೆಯ ಮೇಜು, ಮೇಜಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಹಳೆಯ ಬಿಳಿ ಚಾದರ, ಪಕ್ಕದಲ್ಲಿ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ. ದೆಹಲಿಯಲ್ಲಿ ಇಸ್ತ್ರಿಯವರಿಗೆ ಅಂಗಡಿಯಿಲ್ಲ, ಮರವೇ ಅಂಗಡಿ. ಮಧ್ಯಾಹ್ನದ ಮೇಲೆ ನೆರಳು ಮೂಡಣಕ್ಕೆ ಬೀಳುತ್ತದೆ, ಅದಕ್ಕೇ ಮೇಜು ಆ ಕಡೆ.

ಬೇವಿನ ನೆರಳು

ಮಗಳು ಶಾಲೆಯಲ್ಲಿ ಟೀಚರ್, ಅಳಿಯ ಕಚೇರಿಗೆ, ಮೊಮ್ಮಗಳು ಸ್ಕೂಲಿಗೆ. ಮೊಮ್ಮಗಳು ನನ್ನೊಡನೆ ಆಡುವ ಕನ್ನಡವೆಂದರೆ "ತಾತಾ, ಖಾನಾ ತಿಂದ್ರಾ?" ಅಷ್ಟೇ. ಹತ್ತು ಗಂಟೆಯಿಂದ ಕೂಲರಿನ ಗೊರಗೊರ ಕೇಳುತ್ತ ಒಬ್ಬನೇ ಕೂರಬೇಕು. ನಾಲ್ಕನೇ ದಿನದಿಂದ ಇಳಿದು ಬೇವಿನ ಕೆಳಗೆ ಕೂರತೊಡಗಿದೆ.

ಫೂಲವತಿಗೆ ಐವತ್ತರ ಮೇಲಿರಬೇಕು. ಪೂರ್ವದ ಕಡೆಯವಳು, ಗಂಡ ಇಲ್ಲ. ಸೊಸೈಟಿಯ ಅಡಿಪಾಯ ಹಾಕುವಾಗಲೇ ಬಂದವಳು. ಇಂಜಿನಿಯರುಗಳ ಅಂಗಿಗೆ ಇಸ್ತ್ರಿ ಮಾಡುತ್ತ ಇಲ್ಲೇ ನಿಂತಳು. ಅಕ್ಷರ ಬಾರದು. ನೂರಿಪ್ಪತ್ತು ಮನೆಯ ಬಟ್ಟೆಯನ್ನು ಚೀಟಿಯಿಲ್ಲದೆ ಗುರುತು ಹಿಡಿಯುತ್ತಿದ್ದಳು, ಗುಂಡಿಯ ದಾರ ನೋಡಿ, ಕಾಲರಿನ ಸವೆತ ನೋಡಿ.

ನಾನು ಮೊದಲ ದಿನ "ಬಹನ್‌ಜೀ" ಎಂದಾಗ ಬಾಯಿಗೆ ಸೆರಗು ಹಿಡಿದು ನಕ್ಕಳು. "ಬಹನ್‌ಜೀ ಅಂದ್ರೆ ಸ್ಕೂಲಿನ ಟೀಚರು ಬಾಬೂಜೀ. ನಾನು ಫೂಲವತಿ."

"ಈ ಮರ ಎಷ್ಟು ವರ್ಷದ್ದು ಫೂಲವತಿ?"

"ಮರಕ್ಕೆ ವಯಸ್ಸು ಕೇಳ್ತಾರಾ? ಸೊಸೈಟಿಯವರು ಮೇಜು ಇಡೋಕೆ ಬಿಟ್ಟಿದ್ದೇ ಇದರಿಂದ. 'ಮರದ ಕೆಳಗೆ ಮಾತ್ರ, ಇನ್ನೆಲ್ಲೂ ಇಲ್ಲ' ಅಂದರು. ಮರ ಇರೋವರೆಗೆ ನಾನು."

ಆಮೇಲೆ ಅವಳು ತಮಾಷೆಗೆ ಶುರುಮಾಡಿದಳು: "ನಿಮ್ಮ ಮದ್ರಾಸಿನಲ್ಲಿ ಲುಂಗಿಗೂ ಇಸ್ತ್ರಿ ಮಾಡ್ತಾರಂತೆ, ಹೌದಾ?"

"ನಾನು ಮದ್ರಾಸಿನವನಲ್ಲ, ಕರ್ನಾಟಕದವನು."

"ಅಚ್ಛಾ. ಅದು ಮದ್ರಾಸಿನಲ್ಲಿ ಎಲ್ಲಿ ಬರುತ್ತೆ?"

ಇಡೀ ದೆಹಲಿಯಲ್ಲಿ ನನ್ನೊಡನೆ ಜಗಳವಾಡಿ ನಗುತ್ತಿದ್ದವಳು ಅವಳೊಬ್ಬಳೇ. ಮಧ್ಯಾಹ್ನ ಅವಳ ಕೆಂಡದ ಮೇಲೆ ಚಹಾ ಆಗುತ್ತಿತ್ತು. ಬೇವಿನ ಹೂವು ಲೋಟದೊಳಗೆ ಬೀಳುತ್ತಿತ್ತು. ನಮ್ಮ ಕಡೆ ಯುಗಾದಿಗೆ ಬೇವು ತಿನ್ನುವುದನ್ನು ಹೇಳಿದೆ. "ವರ್ಷಕ್ಕೆ ಒಂದೇ ದಿನ ಕಹಿಯಾ? ನೀವು ಸುಖವಂತರು" ಎಂದಳು.

ಭಾನುವಾರದ ಮೀಟಿಂಗು

ಸೊಸೈಟಿಯ ಸೆಕ್ರೆಟರಿ ಮಲ್ಹೋತ್ರಾ ಎಂಬುವವರು, ನಿವೃತ್ತ ಅಧಿಕಾರಿ, ನನ್ನಷ್ಟೇ ವಯಸ್ಸು, ಆದರೂ ನನ್ನನ್ನು ಅಂಕಲ್‌ಜೀ ಎನ್ನುವರು. ಸೊಸೈಟಿಯಲ್ಲಿ ಮನೆಮನೆಗೂ ಎರಡೆರಡು ಕಾರು ಬಂದಿದ್ದವು. ಗೇಟಿನ ಬಲಕ್ಕೆ ಮುಚ್ಚಿದ ಪಾರ್ಕಿಂಗ್, ಅದರ ಮೇಲೆ ಒಂದು ಹಾಲ್ ಕಟ್ಟುವ ನಕ್ಷೆ ಸಿದ್ಧವಾಗಿತ್ತು. ಅಡ್ಡವಿದ್ದದ್ದು ಬೇವು. ದೆಹಲಿಯ ಕಾನೂನು ನಮ್ಮಲ್ಲಿಗಿಂತ ಬಿಗಿ: ಟ್ರೀ ಆಫೀಸರ್ ಅಪ್ಪಣೆ ಬೇಕು, ಒಂದು ಕಡಿದರೆ ಹತ್ತು ನೆಡಬೇಕು, ನಿಂತಿರುವ ಮರದ ಸುತ್ತ ಆರಡಿ ಸಿಮೆಂಟು ಹಾಕುವಂತಿಲ್ಲ.

ಅಳಿಯ ಕಮಿಟಿಯಲ್ಲಿದ್ದ. ಮೀಟಿಂಗಿಗೆ ನನ್ನನ್ನೂ ಕರೆದುಕೊಂಡು ಹೋದ, ಮನೆಯಲ್ಲಿ ಒಬ್ಬನೇ ಬೇಸರವೆಂದು. ಸಮೋಸ, ಚಹಾ, ಜೋರುಜೋರು ಮಾತು. ಮರದ ವಿಷಯ ಬಂದಾಗ ಅಳಿಯ ಹೆಮ್ಮೆಯಿಂದ, "ನಮ್ಮ ಮಾವನವರ ಇಡೀ ಸರ್ವಿಸು ಇದೇ ಕೆಲಸದಲ್ಲಿ" ಎಂದುಬಿಟ್ಟ.

ಇಪ್ಪತ್ತು ಮುಖ ನನ್ನ ಕಡೆ ತಿರುಗಿದವು. ಎಂಟು ದಿನದಿಂದ ನಾನು ಆ ಊರಲ್ಲಿ ಮುನ್ನೂರ ಹನ್ನೆರಡನೇ ನಂಬರಿನ ಮುದುಕನಾಗಿದ್ದೆ. ಮಲ್ಹೋತ್ರಾ ಎದ್ದು ಬಂದು ತಮ್ಮ ಪಕ್ಕದ ಕುರ್ಚಿ ತೋರಿಸಿದರು. "ಅಂಕಲ್‌ಜೀ, ದಾರಿ ಹೇಳಿ."

ಹೇಳಿದೆ. ಅಷ್ಟು ಬೇಗ ಹೇಳಿದ್ದಕ್ಕೆ ಈಗಲೂ ನನಗೆ ಅಸಹ್ಯವಾಗುತ್ತದೆ. ಕಟ್ಟಡಕ್ಕೆಂದು ಅಪ್ಪಣೆ ಕೇಳಬೇಡಿ, ಅಪಾಯವೆಂದು ಕೇಳಿ ಎಂದೆ. ನನ್ನ ಮೂರು ಮಾತುಗಳನ್ನು ಬಾಯಿಪಾಠ ಒಪ್ಪಿಸಿದೆ. ಅಳಿಯ ಅಲ್ಲೇ ಇಂಗ್ಲಿಷಿಗೆ ತಿರುಗಿಸಿದ. ಒಬ್ಬ ಮೇಜು ಕುಟ್ಟಿ "ವಾಹ್" ಎಂದ. ಮತ್ತೊಬ್ಬ ಕೇಳಿದ: "ಆದರೆ ಮರ ನೆಟ್ಟಗೆ ನಿಂತಿದೆಯಲ್ಲ?"

"ಅದಕ್ಕೆ ಪೈಪಿನ ಕೆಲಸ ಮಾಡಬೇಕು" ಎಂದೆ.

ಮೀಟಿಂಗಿನಿಂದ ಹೊರಬಂದಾಗ ಗಾರ್ಡ್ ಎದ್ದು ಸಲಾಮು ಹೊಡೆದ. ನಂಬರು ಕೇಳಲಿಲ್ಲ. ಮರದ ಕೆಳಗೆ ಫೂಲವತಿ ಮಲ್ಹೋತ್ರಾರ ಕುರ್ತಾದ ತೋಳು ಮಡಿಸುತ್ತಿದ್ದಳು. "ಏನು ಬಾಬೂಜೀ, ಎದೆ ಉಬ್ಬಿದೆ? ಮಿನಿಸ್ಟರ್ ಆದಿರಾ?" ಎಂದಳು. ನಾನು ನಕ್ಕೆ.

ಪೈಪಿನ ಕೆಲಸ

ನಮ್ಮ ಕಡೆ ಬಡಾವಣೆ ಮಾಡುವವರಲ್ಲಿ ಈ ಮಾತು ಬಳಕೆಯಲ್ಲಿತ್ತು. ಮರ ಕಡಿದರೆ ತಪ್ಪು, ನೀರಿನ ಪೈಪಿಗೆ ಕಾಲುವೆ ತೆಗೆದರೆ ತಪ್ಪಿಲ್ಲ. ಬುಡದಿಂದ ಮೂರಡಿ ಬಿಟ್ಟು, ಒಂದೇ ಬದಿಗೆ, ಆಳವಾಗಿ ಅಗೆಯುವುದು. ಸಿಕ್ಕ ಬೇರುಗಳನ್ನು ಕಡಿಯುವುದು. ಕಾಲುವೆಗೆ ನಾಲ್ಕು ದಿನ ನೀರು ಬಿಟ್ಟರೆ ಮರ ಒಂದು ಗೇಣು ವಾಲುತ್ತದೆ. ಆಮೇಲೆ ವರದಿ ಸುಳ್ಳಲ್ಲ. ಇದನ್ನು ನಾನು ಕಂಡುಹಿಡಿಯಲಿಲ್ಲ. ನನ್ನ ಕಣ್ಣೆದುರು ಮಾಡುತ್ತಿದ್ದರು, ನಾನು ಕಾಲುವೆಯನ್ನು ವರದಿಯಲ್ಲಿ ಬರೆಯುತ್ತಿರಲಿಲ್ಲ.

ಯಾವ ಬದಿಗೆ ಎಂದು ಮಲ್ಹೋತ್ರಾ ಕೇಳಿದರು. ಗಾಳಿ ಬರುವ ಬದಿಯ ಬೇರು ಮರವನ್ನು ಹಿಂದಕ್ಕೆ ಎಳೆದು ಹಿಡಿಯುವ ಹಗ್ಗ. ದೆಹಲಿಯಲ್ಲಿ ಬೇಸಿಗೆಯ ಧೂಳುಗಾಳಿ, ಅಲ್ಲಿಯವರ ಆಂಧಿ, ಬರುವುದು ಪಡುವಣದಿಂದ. "ಪಡುವಣ ಬದಿಗೆ" ಎಂದೆ. ಮೇಜು ಮೂಡಣ ಬದಿಗೆ ಇದೆ ಎನ್ನುವುದು ನನಗೆ ಗೊತ್ತಿರಲಿಲ್ಲವೆ? ದಿನವೂ ಅಲ್ಲೇ ಚಹಾ ಕುಡಿಯುತ್ತಿದ್ದೆ. ನನ್ನ ತಲೆಯಲ್ಲಿ ಆಗ ಇದ್ದದ್ದು ಮರ ವಾಲುವುದು, ಬೀಳುವುದಲ್ಲ. ಇದು ನೆಪವೆಂದು ನನಗೆ ಗೊತ್ತು.

ಕೂಲಿಗಳು ಎರಡು ದಿನ ಅಗೆದರು. ತೊಡೆ ಗಾತ್ರದ ಎರಡು ಬೇರು ಸಿಕ್ಕವು. ಒಬ್ಬ ಕೊಡಲಿ ಕೆಳಗಿಟ್ಟು ಬೇರಿಗೆ ಕೈಮುಟ್ಟಿ ಕಣ್ಣಿಗೆ ಒತ್ತಿಕೊಂಡ, ಆಮೇಲೆ ಕಡಿದ. ಫೂಲವತಿ ಬಂದು ಇಣುಕಿದಳು.

"ಇದೇನು ಬಾಬೂಜೀ?"

"ನೀರಿನ ಪೈಪು."

"ನಮ್ಮ ಕಡೆಗೂ ಒಂದು ನಲ್ಲಿ ಬರುತ್ತಾ? ಬಟ್ಟೆಗೆ ಚಿಮುಕಿಸೋಕೆ ಗೇಟಿನಿಂದ ನೀರು ತರಬೇಕು."

"ಬರಬಹುದು" ಎಂದೆ.

ಟೇಪ್ ಹಿಡಿದು ಬಂದವನು

ಅರ್ಜಿ ಹೋಗಿ ಎರಡು ವಾರಕ್ಕೆ ಟ್ರೀ ಆಫೀಸಿನಿಂದ ಒಬ್ಬ ಬಂದ. ಮೂವತ್ತರ ಒಳಗಿನವನು, ಕಪ್ಪು, ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು. ಕೈಯಲ್ಲಿ ಟೇಪು. ನನ್ನದೇ ಹಳೆಯ ಫೋಟೋ ನೋಡಿದಂತಾಯಿತು. ಮಲ್ಹೋತ್ರಾ ತಣ್ಣಗಿನ ಶರಬತ್ತು ತರಿಸಿದರು. ಅವನು "ಕೆಲಸ ಮುಗಿಯಲಿ" ಎಂದು ಮರದ ಹತ್ತಿರ ಹೋದ.

ಅಳತೆ ಹಿಡಿದ. ಆಮೇಲೆ ಚೀಲದಿಂದ ಒಂದು ಮರದ ಸುತ್ತಿಗೆ ತೆಗೆದು ಕಾಂಡಕ್ಕೆ ತಟ್ಟಿ, ಕಿವಿಯಿಟ್ಟು ಕೇಳಿದ. ಸುತ್ತಲೂ ಹತ್ತು ಕಡೆ ತಟ್ಟಿದ, ಹತ್ತು ಕಡೆಯೂ ಕಿವಿಯಿಟ್ಟ. ಟೊಳ್ಳೋ ಗಟ್ಟಿಯೋ ಎಂದು ಹಾಗೆಯೇ ತಿಳಿಯುವುದು. ನಮಗೂ ಕಚೇರಿಯಿಂದ ಸುತ್ತಿಗೆ ಕೊಟ್ಟಿದ್ದರು. ನನ್ನ ಸುತ್ತಿಗೆಯಿಂದ ನಮ್ಮ ಮನೆಯಲ್ಲಿ ಶುಂಠಿ ಜಜ್ಜುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಒಂದು ಮರಕ್ಕೂ ನಾನು ಕಿವಿಗೊಡಲಿಲ್ಲ.

ಎಲ್ಲ ಮುಗಿಸಿ ಅವನು ಅರ್ಜಿ ಬಿಡಿಸಿದ. "ಇದನ್ನು ಬರೆದವರು ಯಾರು? ತುಂಬಾ ಚೆನ್ನಾಗಿ ಬರೆದಿದ್ದಾರೆ."

ಮಲ್ಹೋತ್ರಾ ನಗುತ್ತ ನನ್ನ ಕಡೆ ನೋಡಿದರು. ಅವನು ನಗಲಿಲ್ಲ. "ಮರ ಗಟ್ಟಿಯಾಗಿದೆ, ವಾಲಿಲ್ಲ. ಅಪ್ಪಣೆ ಸಿಗೋದಿಲ್ಲ. ಈ ಕಾಲುವೆಯಲ್ಲಿ ಪೈಪ್ ಎಲ್ಲಿದೆ? ಇವತ್ತೇ ಮುಚ್ಚಿಸಿ, ಮಣ್ಣು ಗಟ್ಟಿಯಾಗಿ ತುಳಿಸಿ. ಪಡುವಣ ಬದಿಗೆ ಬೇರು ಹೋಗಿದೆ, ಹಗ್ಗ ಕಟ್ಟಿ ಗೂಟ ಹೊಡೆಸಿ. ಆಂಧಿ ಬಂದರೆ ಕಷ್ಟ. ಈ ಮೇಜು ಸ್ವಲ್ಪ ದಿನ ಆ ಕಡೆ ಇರಲಿ." ಅವನು ಅದನ್ನು ಇಂಗ್ಲಿಷಿನಲ್ಲಿ ಬರೆದು ಮಲ್ಹೋತ್ರಾರ ಕೈಗೆ ಕೊಟ್ಟು ಹೋದ. ಶರಬತ್ತು ಹಾಗೇ ಉಳಿಯಿತು. ಫೂಲವತಿ ಆಗ ಬಟ್ಟೆ ಕೊಡಲು ಮೇಲಿನ ಮಹಡಿಗೆ ಹೋಗಿದ್ದಳು.

ನಾಲ್ಕು ದಿನ

ಮಲ್ಹೋತ್ರಾ ಕಾಲುವೆ ಮುಚ್ಚಿಸಲಿಲ್ಲ. "ಕೂಲಿಗಳು ಮುಂದಿನ ವಾರ ಬರ್ತಾರೆ" ಎಂದರು. ನಾನು ಜೋರು ಮಾಡಲಿಲ್ಲ.

ಆ ನಾಲ್ಕು ದಿನ ನಾನು ಏನು ಮಾಡಿದೆ ಎಂದು ಹೇಳುವುದಕ್ಕೇ ಇಷ್ಟೆಲ್ಲ ಬರೆದದ್ದು. ಏನೂ ಮಾಡಲಿಲ್ಲ. ದಿನವೂ ಇಳಿದು ಹೋದೆ. ಸ್ಟೂಲು ಮಾತ್ರ ಎರಡು ಮಾರು ಆಚೆಗೆ, ಗೋಡೆಯ ಹತ್ತಿರ ಹಾಕಿಕೊಂಡೆ. ಫೂಲವತಿ ಕೇಳಿದಳು: "ಅಷ್ಟು ದೂರ ಯಾಕೆ? ಬಿಸಿಲಲ್ಲಿ ಕೂತರೆ ಕರಿ ಬಣ್ಣ ಹೋಗಿಬಿಡುತ್ತಾ?"

"ಕೆಂಡದ ಕಾವು" ಎಂದೆ.

"ಮೇಜು ಈ ಕಡೆ ಇಟ್ಟುಕೋ" ಎಂದು ಒಂದು ಮಾತು ಸಾಕಿತ್ತು. ಅವಳು ಯಾಕೆಂದು ಕೇಳುತ್ತಿದ್ದಳು. ಪೈಪು ಸುಳ್ಳೆನ್ನಬೇಕಾಗುತ್ತಿತ್ತು, ಮರ ತೆಗೆಸಲು ದಾರಿ ತೋರಿದವನು ನಾನೆನ್ನಬೇಕಾಗುತ್ತಿತ್ತು. ಮರ ಇರುವವರೆಗೆ ನಾನು ಎಂದವಳಿಗೆ. ಅವಳ ಕಣ್ಣಲ್ಲಿ ಸಣ್ಣವನಾಗುವುದು ನನಗೆ ಬೇಡವಾಗಿತ್ತು. ಅವಳ ಪ್ರಾಣಕ್ಕಿಂತ ಅದು ಹೆಚ್ಚಾಯಿತು. ಸ್ಟೂಲು ಸರಿಸಿಕೊಂಡವನು ನಾನು, ಅಪಾಯ ಗೊತ್ತಿರಲಿಲ್ಲ ಎಂದು ಯಾವ ದೇವರ ಮುಂದೆ ಹೇಳಲಿ?

ಆಂಧಿ

ಐದನೇ ದಿನ, ಶನಿವಾರ, ಸಂಜೆ ಐದರ ಸುಮಾರು. ಆಕಾಶ ಅರಿಶಿಣದ ಬಣ್ಣಕ್ಕೆ ತಿರುಗಿತು. ನಮ್ಮ ಕಡೆ ಮುಂಗಾರಿನ ಮುಂಚೆ ಗಾಳಿ ಬಂದರೆ ಅದರಲ್ಲಿ ಮಳೆಯ ವಾಸನೆ ಇರುತ್ತದೆ. ದೆಹಲಿಯ ಆಂಧಿಗೆ ವಾಸನೆಯೇ ಇಲ್ಲ, ಬರೀ ಮಣ್ಣು. ಬಾಲ್ಕನಿಯ ಬಟ್ಟೆಗಳು ಹಾರಿದವು. ನಾನು ಮೇಲೆ ಕಿಟಕಿಯಲ್ಲಿದ್ದೆ. ಫೂಲವತಿ ಎಲ್ಲರಂತೆ ಓಡಲಿಲ್ಲ. ಇಸ್ತ್ರಿಯಾದ ಬಟ್ಟೆಗೆ ಧೂಳು ಕೂರಬಾರದೆಂದು ಚಾದರ ಎಳೆದು ಗಂಟು ಕಟ್ಟುತ್ತಿದ್ದಳು. ನಾನು ಕೂಗಿದೆ. ಆಗ ಕೂಗಿದೆ. ಗಾಜು ಮುಚ್ಚಿತ್ತು.

ಮರ ಸದ್ದಿಲ್ಲದೆ ಬಂತು. ಮೊದಲು ಪಡುವಣ ಬದಿಯ ಮಣ್ಣು ಹೆಂಟೆಯಾಗಿ ಎದ್ದಿತು, ಆಮೇಲೆ ಇಡೀ ಬೇವು, ಮುದುಕ ಮಂಡಿಯೂರಿದ ಹಾಗೆ, ಮೂಡಣಕ್ಕೆ ಮಲಗಿತು.

ಅವಳು ಬದುಕಿದಳು. ಮೇಜು ಮುರಿದು, ದೊಡ್ಡ ಕೊಂಬೆಯನ್ನು ಅದೇ ತಡೆದುಕೊಂಡಿತ್ತು. ಬಲಗೈ ಮಣಿಕಟ್ಟಿನ ಮೇಲೆ ಎರಡು ಕಡೆ ಮುರಿದಿತ್ತು; ಇಸ್ತ್ರಿಪೆಟ್ಟಿಗೆ ಮಗುಚಿ ಅದೇ ಕೈಯ ಮೇಲೆ ಕೆಂಡ ಸುರಿದಿತ್ತು. ಗಾರ್ಡ್ ಮತ್ತು ಅಳಿಯ ಎಳೆದು ತೆಗೆದು ಆಸ್ಪತ್ರೆಗೆ ಒಯ್ದರು. ಅವಳು ಹೋಗುವಾಗ ಹೇಳುತ್ತಿದ್ದದ್ದು, "ನಾನೂರ ಎರಡರವರ ಸೀರೆ, ಮದುವೆಗೆ ಹೋಗೋ ಸೀರೆ, ನೋಡಿ" ಎಂದು.

ಜನ ಸೇರಿದರು. ಮಲ್ಹೋತ್ರಾ ನನ್ನ ಹೆಗಲ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದರು: "ಅಂಕಲ್‌ಜೀ ಮೊದಲೇ ಹೇಳಿದ್ದರು. ವಾಲಿದೆ, ಪ್ರಾಣಕ್ಕೆ ಅಪಾಯ ಅಂತ. ಆ ಹುಡುಗ ಕೇಳಲಿಲ್ಲ. ಸರ್ಕಾರ ತಿರಸ್ಕರಿಸಿದ್ದನ್ನು ದೇವರು ಮಂಜೂರು ಮಾಡಿದ!"

ಬಿದ್ದ ಕಾಂಡವನ್ನು ಮರುದಿನ ಗರಗಸದಲ್ಲಿ ಕೊಯ್ದರು. ಒಳಗೆ ಇಟ್ಟಿಗೆಯ ಹಾಗೆ ಕೆಂಪಗೆ, ಗಟ್ಟಿ. ಒಂದು ಹುಳುಕಿಲ್ಲ. ನಾನು ಕೈಯಿಟ್ಟು ನೋಡಿದೆ. ಹಸಿಯಾಗಿತ್ತು.

ಶಾಲು

ಎರಡೇ ದಿನದಲ್ಲಿ ಕಾಲುವೆ ಮುಚ್ಚಿ ಮೇಲೆ ಟೈಲ್ಸ್ ಹಾಕಿಸಿದರು. ಟ್ರೀ ಆಫೀಸಿನವನು ಮತ್ತೆ ಬಂದ. "ಮರ ಬಿದ್ದಾಗ ಕಾಲುವೆ ಮುಚ್ಚಿತ್ತಾ, ತೆರೆದಿತ್ತಾ?"

"ನೀವು ಹೇಳಿದ ದಿನವೇ ಮುಚ್ಚಿಸಿದೆವು" ಎಂದರು ಮಲ್ಹೋತ್ರಾ.

ಅವನು ನನ್ನನ್ನು ನೋಡಿ ಕೇಳಿದ: "ನೀವು ದಿನಾ ಇಲ್ಲೇ ಕೂರ್ತೀರಂತೆ ಅಂಕಲ್?"

ನನ್ನ ಹಿಂದಿ ಆಗ ಎಲ್ಲಿ ಹೋಯಿತೋ. ಕೈ ಆಡಿಸಿ, ಭಾಷೆ ತಿಳಿಯದವನಂತೆ ನಕ್ಕೆ. ಅವನು ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದ.

ಭಾನುವಾರದ ಮೀಟಿಂಗಿನಲ್ಲಿ ನನಗೆ ಸನ್ಮಾನ. ಮೇ ತಿಂಗಳು, ಹೊರಗೆ ಕಾದ ಹಂಚಿನಂಥ ಬಿಸಿಲು, ನನ್ನ ಹೆಗಲ ಮೇಲೆ ಪಂಜಾಬಿನ ಉಣ್ಣೆಯ ಶಾಲು. ಬೆವರು ಕಣ್ಣಿಗಿಳಿಯಿತು. "ನೋಡಿ, ಅಂಕಲ್‌ಜೀ ಎಮೋಷನಲ್ ಆದರು" ಎಂದರು. ಚಪ್ಪಾಳೆ ತಟ್ಟಿದರು. ಫೂಲವತಿಯ ಮಾತೂ ಬಂತು. ಪಾಪ ಎಂದರು, ಚಿಕಿತ್ಸೆಗೆ ಕೈಲಾದ್ದು ಕೊಡೋಣ ಎಂದರು. ಮೇಜಿನ ವಿಷಯದಲ್ಲಿ ಮಾತ್ರ ನಿಯಮ ಸ್ಪಷ್ಟವಿತ್ತು: ಅಪ್ಪಣೆ ಇದ್ದದ್ದು ಮರದ ಕೆಳಗೆ. ಮರವಿಲ್ಲ.

ಆ ರಾತ್ರಿ ಊಟದ ಹೊತ್ತಿಗೆ ಮಗಳು ಅಳಿಯರ ಮುಂದೆ ಎಲ್ಲ ಹೇಳಿದೆ. ಟ್ರೀ ಆಫೀಸಿಗೆ ಬರೆದು ಕೊಡುತ್ತೇನೆ ಎಂದೆ. ಗುರುರಾಜ್ ತಟ್ಟೆ ನೋಡುತ್ತ, "ಅರ್ಜಿಯ ಇಂಗ್ಲಿಷ್ ನನ್ನದು ಮಾವ, ಕಮಿಟಿಯ ಪರವಾಗಿ ಸಹಿಯೂ ನನ್ನದು. ನಾನು ಸರ್ಕಾರಿ ನೌಕರ" ಎಂದ.

ಶೈಲಾ ಎಂದಳು: "ಅಪ್ಪಾ, ನೀವು ರೈಲು ಹತ್ತಿ ಊರಿಗೆ ಹೋಗ್ತೀರಿ. ನಾವು ದಿನಾ ಇದೇ ಲಿಫ್ಟಲ್ಲಿ ಅವರ ಜೊತೆ ಹತ್ತಿ ಇಳೀಬೇಕು."

ಮಗಳು ತಡೆದಳು ಎಂದು ಬರೆದು ನಾನು ಪಾರಾಗಬಹುದಿತ್ತು. ಆದರೆ ಯಾರಾದರೂ ತಡೆಯಲಿ ಎಂದೇ ನಾನು ಹೇಳಿದ್ದು.

ಹಿಂಬದಿಯ ಓಣಿ

ಹೊರಡುವ ಹಿಂದಿನ ದಿನ ಫೂಲವತಿಯ ಮನೆ ಹುಡುಕಿಕೊಂಡು ಹೋದೆ. ಸೊಸೈಟಿಗಳ ಹಿಂದೆ ಹಳೆಯ ಹಳ್ಳಿಯೊಂದು ಇನ್ನೂ ಉಳಿದಿದೆ, ಕಿರಿದಾದ ಓಣಿಗಳು, ತಲೆಯ ಮೇಲೆ ವೈರುಗಳ ಬಲೆ. ದಾರಿ ತಪ್ಪಿ ಎಮ್ಮೆಯ ಕೊಟ್ಟಿಗೆಗೆ ನುಗ್ಗಿದೆ. ಅಲ್ಲಿಯ ಮುದುಕಿ ಬೈಯುತ್ತಲೇ ಬಂದು ದಾರಿ ತೋರಿಸಿದಳು. ಒಂದೇ ಕೋಣೆ. ಫೂಲವತಿ ಎಡಗೈಯಿಂದ ಅಕ್ಕಿ ಆರಿಸುತ್ತಿದ್ದಳು. ಬಲಗೈ ಬಿಳಿ ಪಟ್ಟಿಯಲ್ಲಿ ಎದೆಗೆ ಕಟ್ಟಿತ್ತು.

"ಬಂದಿರಾ ಬಾಬೂಜೀ. ಶಾಲು ಹೊದಿಸಿದರಂತೆ? ತಂದುಕೊಡಿ, ಇಸ್ತ್ರಿ ಮಾಡ್ತೀನಿ" ಎಂದು ನಕ್ಕಳು.

ನೆಲದ ಮೇಲೆ ಕೂತು ಹೇಳಿದೆ. ನನ್ನ ನಾಟಕದ ಹಿಂದಿಯಲ್ಲೇ ಹೇಳಿದೆ. ಮೂರು ಮಾತು, ಕಾಲುವೆ, ಪಡುವಣ ಬೇರು, ಸ್ಟೂಲು ಸರಿಸಿಕೊಂಡದ್ದು. ಒಂದನ್ನೂ ಬಿಡಲಿಲ್ಲ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. ಕ್ಷಮಿಸು ಎಂದೆ.

ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಹೊರಗೆಸೆದು ಕೇಳಿದಳು: "ನಲ್ಲಿ ಬರುತ್ತೆ ಅಂದಿದ್ದೂ ಸುಳ್ಳೇ?"

"ಸುಳ್ಳು."

"ಟೇಪಿನ ಸಾಹೇಬರು ಆಸ್ಪತ್ರೆಗೆ ಬಂದಿದ್ದರು. ಕಾಲುವೆ ತೆರೆದಿತ್ತು ಅಂತ ನೋಡಿದವರು ಯಾರಾದರೂ ಬರೆದುಕೊಟ್ಟರೆ ಕೇಸು ಹಾಕ್ತೀನಿ, ಅಲ್ಲಿ ಪಾರ್ಕಿಂಗ್ ಆಗೋಕೆ ಬಿಡಲ್ಲ, ಅದೇ ಜಾಗದಲ್ಲಿ ಮರ ನೆಡಿಸ್ತೀನಿ ಅಂದರು. ಮರ ಬಂದರೆ ನನ್ನ ಮೇಜು ಬರುತ್ತೆ. ಗೇಟಿನ ಗಾರ್ಡ್‌ಗೆ ಕೇಳಿದೆ, ಹೆದರಿದ. ಕ್ಷಮೆ ನನಗೆ ಯಾವ ಕೆಲಸಕ್ಕೆ ಬರುತ್ತೆ ಬಾಬೂಜೀ? ಈಗ ಹೇಳಿದಿರಲ್ಲ, ಅದನ್ನೇ ಕಾಗದದ ಮೇಲೆ ಬರೆದುಕೊಡಿ. ನಿಮಗೆ ಬರೆಯೋದು ಚೆನ್ನಾಗಿ ಬರುತ್ತಂತೆ."

ಜೇಬಿನಲ್ಲಿ ಪೆನ್ನಿತ್ತು. ಪಕ್ಕದ ಮನೆಯಿಂದ ಅವಳು ಒಂದು ಹಾಳೆ ಇಸಿದುಕೊಂಡು ಬಂದಳು. ಒಂಟಿ ಕೈಯಿಂದ ಹಾಳೆಯನ್ನು ಮರದ ಹಲಗೆಯ ಮೇಲಿಟ್ಟು, ಅಂಗಿಯ ಬೆನ್ನು ಸವರುವ ಹಾಗೆ ಸವರಿ ಸಾಪು ಮಾಡಿ ನನ್ನ ಮುಂದಿಟ್ಟಳು.

ನಾನು ಬರೆದೆ: "ಬೇವಿನ ಮರದ ಕಾಂಡ ಗಟ್ಟಿಯಾಗಿತ್ತು. ವಾಲಿರಲಿಲ್ಲ. ಅದರಿಂದ ಯಾರ ಪ್ರಾಣಕ್ಕೂ ಅಪಾಯವಿರಲಿಲ್ಲ. ಪಡುವಣ ಬದಿಯ ಬೇರು ಕಡಿಸಿದ್ದು ನನ್ನ ಸಲಹೆಯ ಮೇಲೆ. ಮರ ಬಿದ್ದ ದಿನ ಕಾಲುವೆ ತೆರೆದಿತ್ತು. ನಾನು ಕಣ್ಣಾರೆ ನೋಡಿದ್ದೇನೆ." ಕೆಳಗೆ ಸಹಿ, ತಾರೀಖು. ನನ್ನ ಜೀವಮಾನದಲ್ಲಿ ಬರೆದ ಮೊದಲ ನಿಜವಾದ ವರದಿ.

ಅದನ್ನು ನೀವು ಈಗ ಓದಿದಿರಿ. ಓದಬಲ್ಲವರು ನೀವೇ. ನಾನು ಬರೆದದ್ದು ಕನ್ನಡದಲ್ಲಿ.

ಫೂಲವತಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು, ಯಾರ ಮನೆಯ ಬಟ್ಟೆಯೆಂದು ಗುರುತು ಹಿಡಿಯುವವಳ ಹಾಗೆ.

"ಬಾಬೂಜೀ, ನಮ್ಮ ಕಡೆಯ ಬರಹ ಹಗ್ಗಕ್ಕೆ ಬಟ್ಟೆ ಒಣಹಾಕಿದ ಹಾಗೆ ಇರುತ್ತೆ, ಮೇಲೆ ಒಂದು ಗೆರೆ, ಅದಕ್ಕೆ ಎಲ್ಲ ಜೋತುಬಿದ್ದಿರುತ್ತೆ. ಇದರಲ್ಲಿ ಹಗ್ಗವೇ ಇಲ್ಲವಲ್ಲ?"

"ನನ್ನ ಕೈಬರಹವೇ ಹಾಗೆ" ಎಂದೆ.

"ಸಾಹೇಬರಿಗೆ ಓದೋಕೆ ಬರುತ್ತಾ?"

"ಬರುತ್ತೆ."

ಅವಳು ಅದನ್ನು ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ, ಟ್ರಂಕಿನಲ್ಲಿ ರೇಷನ್ ಕಾರ್ಡಿನ ಕೆಳಗೆ ಇಟ್ಟಳು.